ನಕಲಿನ ನಕಲು

ಹಳೆಯ ವಿಡಿಯೋ ಗೇಮುಗಳನ್ನು ಆಡಲು ಅಂಗೈಯಲ್ಲಿ ಹಿಡಿಯುವಂಥ ಅಗ್ಗದ ಯಂತ್ರವೊಂದನ್ನು ಕೊಳ್ಳಲು ಹೊರಟಾಗ ಮೊದಲು ಎದುರಾದದ್ದು ಇತಿಹಾಸದ ಪ್ರಶ್ನೆ: ಬಾಲ್ಯದಲ್ಲಿ ನಾನು ಆಡಿದ್ದು ಯಾವುದರಲ್ಲಿ? ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್ ಅನ್ನು ನಾನು ಕಂಡೇ ಇಲ್ಲ. ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಗೆ ಬಂದದ್ದು ಅದರ ಹೆಸರಿಲ್ಲದ ನಕಲು. ನಮಗದು ಬರೀ ‘ಟೀವಿ ಗೇಮ್’. ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದಿದ್ದರೂ ಒಳಗಿದ್ದದ್ದು ಅದೇ ಮಾರಿಯೊ, ಅದೇ ಕಾಂಟ್ರಾ. ಬೇರೆ ಬೇರೆ ಹಂತದಿಂದ ಶುರುವಾಗುತ್ತಿದ್ದವು, ಅಷ್ಟೆ. ಹಗಲೆಲ್ಲ ಹಸ್ತಪ್ರತಿಗಳ ಪಾಠಾಂತರ ನೋಡುವ ನನಗೆ ಈಗ ನಗು ಬರುತ್ತದೆ.

ಎಮ್ಯುಲೇಟರ್ ಆ ಹಳೆಯ ಚಿಪ್ಪಿನ ಕೆಲಸವನ್ನು ಸಾಫ್ಟ್‌ವೇರಿನಲ್ಲಿ ಅನುಕರಿಸುತ್ತದೆ. 8 ಬಿಟ್ ಆಟಕ್ಕೆ ದುಬಾರಿ ಪ್ರೊಸೆಸರ್ ಬೇಕಿಲ್ಲ. ಹಾಗಾಗಿ ನಾನು ನೋಡಿದ್ದು ಪರದೆಯ ಆಕಾರ. ಆ ಆಟಗಳು 4:3 ಟೀವಿಗೆಂದು ಮಾಡಿದವು. ಅಗಲವಾದ ಪರದೆಯಲ್ಲಿ ಎರಡೂ ಬದಿ ಕಪ್ಪು ಪಟ್ಟಿ ಉಳಿಯುತ್ತದೆ, ಇಲ್ಲವೇ ಮಾರಿಯೊ ದಪ್ಪಗಾಗುತ್ತಾನೆ. 640×480 ಪಿಕ್ಸೆಲ್‌ಗಳ, ಮೂರೂವರೆ ಇಂಚಿನ ಮಿಯೂ ಮಿನಿ ಪ್ಲಸ್ ನನಗೆ ಸಾಕೆನಿಸಿತು.

ಒಂದು ಮಾತ್ರ ದಕ್ಕಲಿಲ್ಲ. ಬಾತುಕೋಳಿ ಹೊಡೆಯುವ ಪ್ಲಾಸ್ಟಿಕ್ ಬಂದೂಕಿಗೆ ಗುರಿ ತಿಳಿಯುತ್ತಿದ್ದದ್ದು ಪಿಕ್ಚರ್ ಟ್ಯೂಬಿನ ಬೆಳಕಿನಿಂದ. ಅಟ್ಟದ ಮೇಲಿದ್ದ ಆ ಟೀವಿಯನ್ನು ಹೋದ ವರ್ಷವಷ್ಟೇ ಗುಜರಿಗೆ ಕೊಟ್ಟೆವು.