ದಾಖಲೆಯಿಲ್ಲದವರ ಇತಿಹಾಸ

ಮಾಗಡಿ ತಾಲ್ಲೂಕು 2007ರವರೆಗೆ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿತ್ತು. ಅಲ್ಲಿನ ಪ್ರೌಢಶಾಲೆಯೊಂದರಲ್ಲಿ ನಾನು ಇತಿಹಾಸ ಬೋಧಿಸುತ್ತಿದ್ದ ಕಾಲವದು. ಕಿಟಕಿಯಾಚೆ ಕಾಣುತ್ತಿದ್ದ ಸಾವನದುರ್ಗವನ್ನು ತೋರಿಸಿ, ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರಿನಲ್ಲಿ, ಕಾರ್ನ್‌ವಾಲಿಸನ ಸೈನ್ಯ ಆ ಕೋಟೆಯನ್ನು ಹಿಡಿದ ಬಗೆಯನ್ನು ವರ್ಣಿಸುತ್ತಿದ್ದೆ. ಒಮ್ಮೆ ಹಿಂದಿನ ಸಾಲಿನಿಂದ ಇರುಳಿಗರ ಹುಡುಗನೊಬ್ಬ ಎದ್ದು, “ಸಾರ್, ಆವಾಗ ನಮ್ಮೋರು ಎಲ್ಲಿದ್ರು?” ಎಂದು ಕೇಳಿದ.

“ಅದಕ್ಕೆ ದಾಖಲೆಯಿಲ್ಲಪ್ಪ, ಕೂತ್ಕೊ” ಎಂದುಬಿಟ್ಟೆ.

ಜೇನು, ಗೆಡ್ಡೆಗೆಣಸುಗಳನ್ನು ಅರಸುತ್ತ ಆ ಸೀಮೆಯ ಕಾಡನ್ನು ಅಂಗೈಯಂತೆ ಬಲ್ಲವರು ಇರುಳಿಗರು. ನಮ್ಮ ಪಾಠಪುಸ್ತಕಕ್ಕೆ ಕೋಟೆ ಕಂಡಿತ್ತು. ಕೋಟೆಯ ಸುತ್ತಲಿನ ಕಾಡಿನವರು ಕಂಡಿರಲಿಲ್ಲ. ನನಗೂ ಅಷ್ಟೆ.

ನಿವೃತ್ತಿಯ ನಂತರ 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳನ್ನು ಓದಿ ಬೆರಗಾದೆ. ನೆಲದ ಹಕ್ಕನ್ನು ಕೇಳುವ ಅರಣ್ಯವಾಸಿಗಳು ಸರ್ಕಾರಿ ಕಾಗದಗಳನ್ನಷ್ಟೇ ಅಲ್ಲ, ಬರೆದುಕೊಂಡ ಹಿರಿಯರ ಹೇಳಿಕೆಯನ್ನೂ, ಪೂರ್ವಿಕರ ಸಮಾಧಿಗಳನ್ನೂ, ದೇವರ ತಾಣಗಳನ್ನೂ ಸಾಕ್ಷ್ಯವಾಗಿ ಮುಂದಿಡಬಹುದು. ನಾನು ದಾಖಲೆಯೇ ಅಲ್ಲವೆಂದುಕೊಂಡಿದ್ದ ಮುದುಕಿಯೊಬ್ಬಳ ನೆನಪು ಗ್ರಾಮಸಭೆಯ ಮುಂದೆ ದಾಖಲೆಯಾಗುತ್ತದೆ! ಆದರೆ ಬರೆದುಕೊಳ್ಳುವವರು ಬೇಕು. ತಡವಾದರೆ ಅವಳೊಡನೆ ಆ ಸಾಕ್ಷ್ಯವೂ ಮಣ್ಣಾಗುತ್ತದೆ.

ನನ್ನ ಶಿಷ್ಯರಲ್ಲಿ ಹಲವರು ಇಂದು ಸ್ವತಃ ಮೇಷ್ಟರುಗಳು. ನಿಮ್ಮ ತರಗತಿಯಲ್ಲಿ ಯಾವ ಮಗುವಾದರೂ ಆ ಪ್ರಶ್ನೆ ಕೇಳಿದರೆ, ಕೂರಿಸಿಬಿಡಬೇಡಿ. “ನಿಮ್ಮಜ್ಜಿಯನ್ನು ಕೇಳಿ ಬರೆದುಕೊಂಡು ಬಾರಪ್ಪ” ಎನ್ನಿ. ಅಂದು ನಾನು ಹೇಳಬೇಕಾಗಿದ್ದ ಮಾತು ಅದೇ.