ಚರಿತ್ರೆ ಯಾವ ಇಸವಿಯಿಂದ ಆರಂಭವಾಗುತ್ತದೆ?

ಹೈಸ್ಕೂಲಿನಲ್ಲಿರುವಾಗಲೇ ಕಾಲೇಜು ಮಟ್ಟದ ಪಾಠ ಕಲಿಯಬಯಸುವ ವಿದ್ಯಾರ್ಥಿಗಳಿಗಾಗಿ ಅಮೆರಿಕದಲ್ಲಿ ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’ ಎಂಬ ವ್ಯವಸ್ಥೆಯಿದೆ. ಅದನ್ನು ನಡೆಸುವುದು ಕಾಲೇಜ್ ಬೋರ್ಡ್ ಎಂಬ ಸಂಸ್ಥೆ. ಅದರ ವಿಶ್ವ ಇತಿಹಾಸದ ಪಠ್ಯವು ಸುಮಾರು ಹತ್ತು ಸಾವಿರ ವರ್ಷಗಳನ್ನು ಒಳಗೊಂಡಿತ್ತು. ಒಂದೇ ವರ್ಷದಲ್ಲಿ ಇಷ್ಟನ್ನು ಕಲಿಸುವುದು ಕಷ್ಟವೆಂದು 2018ರಲ್ಲಿ ಸಂಸ್ಥೆಯು ಒಂದು ತೀರ್ಮಾನ ಪ್ರಕಟಿಸಿತು: ಇನ್ನು ಪರೀಕ್ಷೆ 1450ರ ನಂತರದ ಚರಿತ್ರೆಗೆ ಮಾತ್ರ.

ಮೇಲ್ನೋಟಕ್ಕೆ ಇದು ಮಕ್ಕಳ ಭಾರ ಇಳಿಸುವ ಕ್ರಮ. ಆದರೂ ಶಿಕ್ಷಕರು, ವಿದ್ಯಾರ್ಥಿಗಳು ತೀವ್ರವಾಗಿ ವಿರೋಧಿಸಿದರು. ಏಕೆ? ಕೊಲಂಬಸ್ ಅಮೆರಿಕ ತಲುಪಿದ್ದು 1492ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. 1450ರಿಂದ ಓದತೊಡಗುವ ವಿದ್ಯಾರ್ಥಿಗೆ ಏಷ್ಯಾ, ಆಫ್ರಿಕಾಗಳ ಜನರು ಯುರೋಪಿನ ಹಡಗಿನಿಂದಲೇ ಮೊದಲು ಕಾಣಿಸುತ್ತಾರೆ. 1258ರಲ್ಲಿ ಮಂಗೋಲರು ಧ್ವಂಸ ಮಾಡಿದ ಬಗ್ದಾದ್ ಆ ಪುಸ್ತಕದಲ್ಲಿರುವುದಿಲ್ಲ. 1324ರಲ್ಲಿ ಅಪಾರ ಚಿನ್ನದೊಂದಿಗೆ ಹಜ್ಜ್ ಯಾತ್ರೆ ಕೈಗೊಂಡ ಮಾಲಿಯ ದೊರೆ ಮನ್ಸಾ ಮೂಸಾ ಇರುವುದಿಲ್ಲ. ಆಫ್ರಿಕನ್ನನು ದೊರೆಯಾಗಿ ಪರಿಚಯವಾಗುವ ಮುನ್ನ ಗುಲಾಮನಾಗಿ ಪರಿಚಯವಾಗುತ್ತಾನೆ.

ವಿರೋಧಕ್ಕೆ ಮಣಿದ ಸಂಸ್ಥೆಯು ಅದೇ ವರ್ಷ ಆರಂಭದ ಗಡಿಯನ್ನು 1200ಕ್ಕೆ ಸರಿಸಿತು. 2019-20ರ ಸಾಲಿನಿಂದ ಅದು ಜಾರಿಗೆ ಬಂತು. ಹೀಗೆ ಉಳಿದುಕೊಂಡವರಲ್ಲಿ ಯಾತ್ರಿಕ ಇಬ್ನ್ ಬತೂತಾ ಒಬ್ಬರು. ಅವರು ನಮ್ಮ ಕರಾವಳಿಗೂ ಬಂದಿದ್ದರು. ಹದಿನಾಲ್ಕನೇ ಶತಮಾನದ ಹೊನ್ನಾವರದಲ್ಲಿ ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಶಾಲೆಗಳನ್ನು ಕಂಡೆನೆಂದು ಅವರು ದಾಖಲಿಸಿದ್ದಾರೆ.

ಹಾಗೆಂದು 1200 ನ್ಯಾಯದ ಗಡಿಯೆಂದು ನಾವು ಹೇಳುತ್ತಿಲ್ಲ. ಪ್ರವಾದಿಯವರ ಮದೀನಾ ಆ ಗಡಿಯಿಂದ ಹೊರಗೇ ಉಳಿಯಿತು. ಎಲ್ಲಿ ಬೇಲಿ ಹಾಕಿದರೂ ಯಾರೋ ಹೊರಗುಳಿಯುತ್ತಾರೆ. ಈ ಪಠ್ಯದಲ್ಲಿ ನಮಗೆ ಹೆಚ್ಚು ಬೆಲೆಯುಳ್ಳದ್ದೆಂದು ತೋರುವುದು ಅದರ ಪರೀಕ್ಷಾ ಕ್ರಮ. ಒಂದು ಪ್ರಶ್ನೆಯಲ್ಲಿ ಏಳು ದಾಖಲೆಗಳನ್ನು ಮುಂದಿಟ್ಟು ಅವುಗಳ ಆಧಾರದಲ್ಲಿ ವಾದ ಮಂಡಿಸಲು ಹೇಳುತ್ತಾರೆ. ಬರೆದವರು ಯಾರು, ಯಾರಿಗಾಗಿ, ಯಾವ ಉದ್ದೇಶದಿಂದ ಎಂದು ವಿದ್ಯಾರ್ಥಿ ವಿಚಾರಿಸಬೇಕು. ಇಸವಿಗಳನ್ನು ಬಾಯಿಪಾಠ ಮಾಡಿದರೆ ಸಾಲದು.

ಈ ಪ್ರಶ್ನೆಗಳಿಂದ ನಮ್ಮ ನೆಚ್ಚಿನ ಗ್ರಂಥಗಳಿಗೂ ವಿನಾಯಿತಿ ಇರಬಾರದು. ಇಬ್ನ್ ಬತೂತಾ ಊರಿಗೆ ಮರಳಿದ ಬಳಿಕ ನೆನಪಿನಿಂದ ಹೇಳಿದ್ದನ್ನು ಇಬ್ನ್ ಜುಝೈ ಎಂಬ ವಿದ್ವಾಂಸ ಬರೆದು ಮುಗಿಸಿದರು. ಅದನ್ನೂ ತೂಗಿ ನೋಡಿಯೇ ಓದಬೇಕು.

ನಾವೂ ಚರಿತ್ರೆಯನ್ನು ನಮಗೆ ಅನುಕೂಲವಾದ ಇಸವಿಯಿಂದಲೇ ಆರಂಭಿಸುವುದಿಲ್ಲವೇ? ಒಬ್ಬರು ತಮ್ಮ ವೈಭವದಿಂದ, ಇನ್ನೊಬ್ಬರು ತಮಗಾದ ಗಾಯದಿಂದ. ಹೊನ್ನಾವರದ ಆ 13 ಶಾಲೆಗಳ ಬಗ್ಗೆ ಹೆಮ್ಮೆಪಡುವುದು ಸುಲಭ. ಆದರೆ ನಮ್ಮ ಮನೆಯ ಹುಡುಗಿ ಹೈಸ್ಕೂಲು ಮುಗಿಸಿ ಮುಂದೆ ಓದುತ್ತೇನೆಂದಾಗ ನಾವು ಕೊಡುವ ಉತ್ತರವೂ ಮುಂದೊಂದು ದಿನ ಚರಿತ್ರೆಯೇ ಆಗುತ್ತದೆ.