ಅಳತೆಗೆ ಸಿಗದ ಸಂಬಳ

ಧಾರವಾಡ ಸೀಮೆಯ ಯಾವ ಊರಿಗೆ ಹೋದರೂ ಪಾಟೀಲರು, ಕುಲಕರ್ಣಿಯವರು, ದೇಸಾಯರು, ನಾಡಗೌಡರು, ತಳವಾರರು, ವಾಲೀಕಾರರು, ಸನದಿಯವರು ಸಿಗುತ್ತಾರೆ. ಇವೆಲ್ಲ ಈಗ ಅಡ್ಡಹೆಸರುಗಳು, ಒಂದು ಕಾಲಕ್ಕೆ ನೌಕರಿಗಳು. ಆ ನೌಕರಿಗಳಿಗೆ ತಿಂಗಳಾದ ಕೂಡಲೇ ರೊಕ್ಕ ಎಣಿಸಿ ಕೊಡುವ ಪದ್ಧತಿ ಇರಲಿಲ್ಲ. ಹೊಲ ಕೊಡುತ್ತಿದ್ದರು, ಆ ಹೊಲದ ಕಂದಾಯವನ್ನು ಪೂರ್ತಿಯಾಗಿಯೋ ಅರೆಬರೆಯಾಗಿಯೋ ಬಿಡುತ್ತಿದ್ದರು. ಪೂರ್ತಿ ಬಿಟ್ಟರೆ ಸರ್ವಮಾನ್ಯ, ಒಂದಿಷ್ಟು ಹಗುರ ಕಂದಾಯ ಇಟ್ಟುಕೊಂಡರೆ ಜೂಡಿ. ಚಾಕರಿಗೆಂದು ಬಿಟ್ಟ ಇಂಥ ಜಮೀನಿಗೆ ಕನ್ನಡದಲ್ಲಿ ಉಂಬಳಿ ಎಂಬ ಹಳೆಯ ಮಾತಿದೆ. ಅದರ ಬೇರು ‘ಉಣ್ಣು’ ಎಂಬ ಧಾತು. ಸಂಬಳ ಎಂಬ ಮಾತಾದರೋ ಸಂಸ್ಕೃತದ ‘ಶಂಬಲ’ದಿಂದ ಬಂದದ್ದು, ಅಂದರೆ ದಾರಿಯ ಬುತ್ತಿ. ಕೂತು ಉಣ್ಣುವುದು ಒಂದು, ಹೊರಟವನು ಕಟ್ಟಿಕೊಂಡು ಹೋಗುವುದು ಇನ್ನೊಂದು. ದೊಡ್ಡ ಕಂಪನಿಗಳು ಇಂದು ತಮ್ಮ ನೌಕರರ ಮುಂದೆ ಇಡುತ್ತಿರುವ ಎಲೆಕ್ಟ್ರಿಕ್ ಕಾರಿನ ಲೀಸ್ ಈ ಎರಡರಲ್ಲಿ ಯಾವ ಜಾತಿಗೆ ಸೇರಿದ್ದು ಎಂದು ಕೇಳಿಕೊಳ್ಳದೆ ಅದರ ಲಾಭನಷ್ಟ ತೂಗಲಾಗದು. ತೂಗಲು ಬೇಕಾದ ತಕ್ಕಡಿ ಈ ಸೀಮೆಯ ಇತಿಹಾಸದಲ್ಲೇ ಇದೆ.

ಇಲ್ಲಿಯ ಕಂದಾಯದ ಚರಿತ್ರೆ ಒಂದು ಸಂಗತಿಯನ್ನು ಮತ್ತೆ ಮತ್ತೆ ತೋರಿಸುತ್ತದೆ: ಸರಿಯಾದ ಅಳತೆ ಇಲ್ಲದ ಕಡೆ ಮಾಫಿ ಹುಲುಸಾಗಿ ಬೆಳೆಯುತ್ತದೆ, ಅಳತೆ ಬಂದ ಮೇಲೆ ಕರಗುತ್ತ ಹೋಗುತ್ತದೆ. ಬ್ರಿಟಿಷರಿಗಿಂತ ಮುಂಚೆ ಇಲ್ಲಿ ಹೊಲವನ್ನು ಕೂರಿಗೆಯ ಲೆಕ್ಕದಲ್ಲಿ ಹೇಳುತ್ತಿದ್ದರು. ಕೂರಿಗೆ ಎಂದರೆ ಬಿತ್ತುವ ಸಾಧನ, ಅದು ಒಂದು ದಿನಕ್ಕೆ ಬಿತ್ತಿ ಮುಗಿಸುವಷ್ಟು ನೆಲವೂ ಕೂರಿಗೆಯೇ. ಎತ್ತು ಗಟ್ಟಿಯಿದ್ದರೆ ಕೂರಿಗೆ ಹಿಗ್ಗುತ್ತಿತ್ತು, ಎರೆ ಮಣ್ಣು ಅಂಟಿದರೆ ಕುಗ್ಗುತ್ತಿತ್ತು. ಇಂಥ ಅಳತೆಯಲ್ಲಿ ತಳವಾರನಿಗೆ ಬಿಟ್ಟ ಹೊಲದ ಕಂದಾಯ ಸರಕಾರಕ್ಕೆ ನಿಜವಾಗಿ ಎಷ್ಟು ತಪ್ಪುತ್ತಿದೆ ಎಂದು ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. 1840ರ ದಶಕದಲ್ಲಿ ಜಾರ್ಜ್ ವಿಂಗೇಟ್‌ನ ಸರ್ವೆ ಧಾರವಾಡ ಜಿಲ್ಲೆಗೆ ಬಂತು. ಅವನ ಜನರ ಕೈಯಲ್ಲಿ 33 ಅಡಿಯ ಸರಪಳಿ ಇತ್ತು, ಅದರಲ್ಲಿ ಹದಿನಾರು ಆಣೆಯ ಗುರುತುಗಳು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ನೆಲ ಒಂದು ಗುಂಟೆ, ಅಂಥ 40 ಗುಂಟೆ ಒಂದು ಎಕರೆ. ಮಣ್ಣಿಗೂ ಆಣೆಯ ದರ್ಜೆ ಕಟ್ಟಿದರು. ಆಳವಾದ ಒಳ್ಳೆಯ ಎರೆಗೆ ಹದಿನಾರಾಣೆ, ಮರಡಿ ನೆಲಕ್ಕೆ ಬರೀ ಎರಡಾಣೆಯೂ ಬೀಳುತ್ತಿತ್ತು. ಪ್ರತಿ ಹೊಲಕ್ಕೂ ಬಾಂದಕಲ್ಲು, ನಂಬರು, ಮೂವತ್ತು ವರ್ಷಕ್ಕೆ ನಿಗದಿಯಾದ ಆಕಾರ, ಅಂದರೆ ಕಟ್ಟಬೇಕಾದ ಕಂದಾಯ. ಉಂಬಳಿ ಹೊಲಕ್ಕೂ ಹೀಗೆ ಆಕಾರ ಕಟ್ಟಿದಾಗ, ಜೂಡಿ ಕಳೆದು ಉಳಿದದ್ದು ಎಷ್ಟು ರೂಪಾಯಿ ಎಂಬುದು ಖಚಿತವಾಗಿ ಕಾಗದದ ಮೇಲೆ ಕಾಣಿಸಿತು. ಅಂದಿನಿಂದ ಅದು ದೊರೆಯ ಔದಾರ್ಯವಾಗಿ ಉಳಿಯಲಿಲ್ಲ, ಸರಕಾರದ ಪುಸ್ತಕದಲ್ಲಿ ಖೋತಾ ಆಯಿತು.

ಕಂಡ ಖೋತಾವನ್ನು ಸರಕಾರ ಬಿಡುವುದಿಲ್ಲ. ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯುತ್ತಿದ್ದ ಈ ಪ್ರದೇಶದಲ್ಲಿ 1843ರಿಂದಲೇ ಉಂಬಳಿಯಂಥ ಇನಾಮುಗಳ ತಪಾಸಣೆ ಶುರುವಾಗಿತ್ತು. 1852ರ 11ನೇ ಕಾಯ್ದೆಯಿಂದ ಇನಾಂ ಕಮಿಷನ್ನಿಗೆ ಕಾನೂನಿನ ಬಲವೂ ಬಂತು. ಸನದು ತೋರಿಸು, ಇಲ್ಲವೇ ಕಂದಾಯ ಕಟ್ಟು ಎನ್ನುವುದು ಅದರ ಸಾರಾಂಶ. ಮೊಮ್ಮಕ್ಕಳ ಕಾಲಕ್ಕೆ ಗೆದ್ದಲು ತಿಂದ ಸನದನ್ನು ತೋರಿಸುವುದಾದರೂ ಹೇಗೆ? ಈ ಕಮಿಷನ್ನಿನಲ್ಲಿ ಕೆಲಸ ಮಾಡಿದ್ದ ಚಾರ್ಲ್ಸ್ ಮ್ಯಾನ್ಸನ್ ಮುಂದೆ ಪೊಲಿಟಿಕಲ್ ಏಜೆಂಟನಾದ. 1858ರ ಮೇ ತಿಂಗಳಲ್ಲಿ ಸುರೇಬಾನದ ಹತ್ತಿರ, ಬಂಡಾಯ ಎದ್ದ ನರಗುಂದದ ಸಂಸ್ಥಾನಿಕ ಬಾಬಾಸಾಹೇಬರ ಕಡೆಯವರ ಕೈಯಲ್ಲಿ ಸತ್ತ. ಆ ಬಂಡಾಯಕ್ಕೆ ದತ್ತಕದ ಹಕ್ಕು ನಿರಾಕರಿಸಿದ್ದು ಹತ್ತಿರದ ಕಾರಣ ನಿಜ. ಆದರೆ ಸೀಮೆಯ ಮನಸ್ಸು ಅಷ್ಟು ಕಹಿಯಾಗಲು ತಪಾಸಣೆಯ ಈ ಹದಿನೈದು ವರ್ಷಗಳೂ ಒಂದು ದೊಡ್ಡ ಕಾರಣ. ಬಂಡಾಯ ಅಡಗಿದ ಮೇಲೆ ಸರಕಾರ ಮೆತ್ತಗಾಯಿತೇ ಹೊರತು ಲೆಕ್ಕ ಮರೆಯಲಿಲ್ಲ. 1864ರ ಗಾರ್ಡನ್ ಒಪ್ಪಂದದಲ್ಲಿ ದೇಸಾಯಿ, ದೇಶಪಾಂಡೆಯವರಿಗೆ ಚಾಕರಿ ಮಾಫಾಯಿತು, ಅದರ ಬದಲು ವರ್ಷ ವರ್ಷ ಜೂಡಿ ಕಟ್ಟುವುದು ಗಂಟುಬಿತ್ತು. 1874ರ ವತನ್ ಕಾಯ್ದೆ, ಅಂದರೆ ವಂಶಪಾರಂಪರ್ಯದ ಹುದ್ದೆಗಳ ಕಾಯ್ದೆ, ಉಳಿದ ಊರ ನೌಕರಿಗಳನ್ನು ಕಟ್ಟುಪಾಡಿಗೆ ತಂದಿತು.

ಈಗ ಕಾರಿನ ಮಾತು. ಲೀಸಿನ ಏರ್ಪಾಡು ಕೇಳಲು ಸರಳ. ಲೀಸಿಂಗ್ ಕಂಪನಿ ಕಾರು ಕೊಳ್ಳುತ್ತದೆ, ನೌಕರನ ಕಂಪನಿ ಅದನ್ನು ಬಾಡಿಗೆಗೆ ಪಡೆಯುತ್ತದೆ, ಬಾಡಿಗೆ ನೌಕರನ ಒಟ್ಟು ಸಂಬಳದಲ್ಲಿ ಮುರಿದುಹೋಗುತ್ತದೆ. ಹಾಗೆ ಮುರಿದ ಹಣದ ಮೇಲೆ ಆದಾಯ ತೆರಿಗೆ ಬೀಳುವುದಿಲ್ಲ. ಅದರ ಬದಲು ಕಾರಿನ ಸವಲತ್ತಿಗೆ ಸರಕಾರವೇ ಗೊತ್ತುಮಾಡಿದ ಒಂದು ಸಣ್ಣ ಮೊತ್ತವನ್ನು ಸಂಬಳಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ. 1962ರ ಆದಾಯ ತೆರಿಗೆ ನಿಯಮಗಳ 3ನೇ ನಿಯಮದಲ್ಲಿ, ಕಚೇರಿಗೂ ಮನೆಗೂ ಬಳಸುವ ಕಾರಿನ ಖರ್ಚನ್ನು ಕಂಪನಿಯೇ ಹೊತ್ತರೆ, ಈ ಮೊತ್ತ ಬಹುಕಾಲ ತಿಂಗಳಿಗೆ 1,800 ರೂಪಾಯಿ ಇತ್ತು. ಎಂಜಿನ್ 1.6 ಲೀಟರ್ ದಾಟಿದರೆ 2,400. ಬಾಡಿಗೆ ತಿಂಗಳಿಗೆ 40,000 ಎಂದಿಟ್ಟುಕೊಂಡರೆ, ಸೆಸ್ ಸೇರಿ 31.2 ಶೇಕಡಾ ತೆರಿಗೆ ಕಟ್ಟುವವನಿಗೆ ಈ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 11,900 ರೂಪಾಯಿ ಉಳಿಯುತ್ತಿತ್ತು. ನಾಲ್ಕು ವರ್ಷಕ್ಕೆ ಐದೂಮುಕ್ಕಾಲು ಲಕ್ಷದ ಹತ್ತಿರ. ಇದು ಸಣ್ಣ ಮಾತಲ್ಲ. ಮನೆಬಾಡಿಗೆಯಂಥ ಹಳೆಯ ವಿನಾಯಿತಿಗಳು ಹೊಸ ತೆರಿಗೆ ಪದ್ಧತಿಯಲ್ಲಿ ಬಿದ್ದುಹೋದ ಮೇಲೂ ಇದು ಉಳಿಯಿತು. ಯಾಕೆಂದರೆ ಕಾನೂನಿನ ಕಣ್ಣಿಗೆ ಇದು ವಿನಾಯಿತಿಯೇ ಅಲ್ಲ, ಸವಲತ್ತಿಗೆ ಬೆಲೆ ಕಟ್ಟುವ ಒಂದು ರೀತಿ.

ಆ ಬೆಲೆ ಕಟ್ಟುವ ಕೋಲನ್ನು ಹತ್ತಿರದಿಂದ ನೋಡಬೇಕು. ಅದು ಲೀಟರಿನ ಕೋಲಾಗಿತ್ತು. ಎಲೆಕ್ಟ್ರಿಕ್ ಕಾರಿಗೆ ಎಂಜಿನ್ನೇ ಇಲ್ಲ, ಇನ್ನು ಲೀಟರೆಲ್ಲಿಯದು? ಬ್ಯಾಟರಿಯ ಕಾರನ್ನು ಪೆಟ್ರೋಲಿನ ಕೋಲಿನಿಂದ ಅಳೆಯುವುದೆಂದರೆ ಎಕರೆಯ ಕಾಲದಲ್ಲಿ ಕೂರಿಗೆ ಹಿಡಿದಂತೆ. ಲಾಭ ಹುಟ್ಟುವುದು ನಿಜವಾದ ಬಾಡಿಗೆಯನ್ನು ನೋಡದ ಇಂಥ ಒರಟು ಅಳತೆಯಲ್ಲಿ, ಸರಪಳಿ ಬಂದು ಇಳಿಯುವ ಜಾಗವೂ ಇದೇ. ಹಿಂದೆಯೂ ಬಂದಿತ್ತು. 2005ರಲ್ಲಿ ಇಂಥ ಸವಲತ್ತುಗಳಿಗೆ ಕಂಪನಿಗಳ ಮೇಲೆಯೇ ಫ್ರಿಂಜ್ ಬೆನಿಫಿಟ್ ತೆರಿಗೆ ಹಾಕಿದರು, 2009ರಲ್ಲಿ ತೆಗೆದು ಮತ್ತೆ ನೌಕರನ ತಲೆಗೆ ತಂದರು. ಈಗ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಅಳತೆಯ ಕೋಲು ಹೀಗೆ ಯಾವಾಗಲೂ ಬದಲಾಗಬಹುದು. ಆದ್ದರಿಂದ ಮೇಲಿನ 11,900ರಂಥ ಉಳಿತಾಯವನ್ನು ಸಂಬಳವೆಂದು ನಂಬಿ ನಾಲ್ಕು ವರ್ಷದ ಕರಾರಿಗೆ ಸಹಿ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಮೊತ್ತ ನಾಳೆಯೇ ಇಲ್ಲವಾದರೂ ಬಾಡಿಗೆ ಹೊರೆಯಾಗದಿದ್ದರೆ ಮಾತ್ರ ಲೀಸು ಲೇಸು.

ಇದಕ್ಕೆ ಆಕ್ಷೇಪ ಬರುತ್ತದೆ. ಉಂಬಳಿ ರಾಜನ ಕೃಪೆ, ಎಲೆಕ್ಟ್ರಿಕ್ ಕಾರಿನ ರಿಯಾಯಿತಿ ಹೊಗೆ ಕಡಿಮೆ ಮಾಡಲೆಂದು ಸರಕಾರ ಯೋಚಿಸಿ ಕೊಟ್ಟದ್ದು, ಅಷ್ಟು ಸುಲಭವಾಗಿ ಹೋಗದು ಎನ್ನಬಹುದು. ಉದ್ದೇಶ ಒಳ್ಳೆಯದೇ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ದಿನಾ ಹೋಗಿಬರುವವರಿಗೆ ಬ್ಯಾಟರಿಯ ಕಾರು ಹೇಳಿ ಮಾಡಿಸಿದಂತಿದೆ. 2019ರ ಆಗಸ್ಟ್ 1ರಿಂದ ಅದರ ಮೇಲಿನ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿದದ್ದೂ ಸರಿಯಾದ ಕ್ರಮ. ಆದರೆ ಒಳ್ಳೆಯ ಉದ್ದೇಶದ ಮಾಫಿಯೂ ಕರಗುವುದನ್ನು ನಮ್ಮ ಕಣ್ಣೆದುರಿಗೇ ನೋಡಿದ್ದೇವೆ. ಎಲೆಕ್ಟ್ರಿಕ್ ವಾಹನಗಳಿಗೆಂದು 2017ರಲ್ಲೇ ನೀತಿ ರೂಪಿಸಿ ಬೇರೆ ರಾಜ್ಯಗಳಿಗೆ ದಾರಿ ತೋರಿದ ಕರ್ನಾಟಕ, 2024ರಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ 10 ಶೇಕಡಾ ಆಜೀವ ತೆರಿಗೆ ಹಾಕಿತು. ಎಲೆಕ್ಟ್ರಿಕ್ ವಾಹನದ ಸಾಲದ ಬಡ್ಡಿಗೆ ಕೇಂದ್ರ ಕೊಟ್ಟಿದ್ದ ಒಂದೂವರೆ ಲಕ್ಷದವರೆಗಿನ ಕಡಿತ 2023ರ ಮಾರ್ಚ್ 31ರ ನಂತರ ಮಂಜೂರಾದ ಸಾಲಗಳಿಗೆ ಸಿಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 18ಕ್ಕೆ ಇಳಿದಾಗ ಎರಡರ ನಡುವಿನ ಅಂತರವೂ ಕಿರಿದಾಯಿತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಉಂಬಳಿ ಹುಟ್ಟಿಗೆ ಅಂಟಿಕೊಂಡಿತ್ತು. ತಳವಾರನ ಮಗ ತಳವಾರನೇ ಆಗಬೇಕಿತ್ತು, ಕೆಳಗಿನ ಜಾತಿಗಳ ಚಾಕರಿ ಎಷ್ಟೋ ಕಡೆ ಬಿಟ್ಟಿ ದುಡಿತವೇ ಆಗಿತ್ತು. ಸ್ವಇಚ್ಛೆಯಿಂದ ಸಹಿ ಹಾಕುವ ಕರಾರನ್ನು ಅದಕ್ಕೆ ಹೋಲಿಸುವುದು ಆ ಜನ ಉಂಡ ನೋವನ್ನು ಹಗುರ ಮಾಡಿದಂತೆ. ಈ ಮಾತನ್ನು ಒಪ್ಪುತ್ತೇನೆ, ಹೋಲಿಕೆ ಆ ಗಡಿ ದಾಟಬಾರದು. ಆದರೆ ಒಂದು ವಿಷಯದಲ್ಲಿ ಹಳೆಯ ನೌಕರ ಇಂದಿನವನಿಗಿಂತ ಭದ್ರವಾಗಿದ್ದ. ನೌಕರಿ ಹೋದಾಗಲೂ ಅವನ ಕಾಲ ಕೆಳಗೆ ನೆಲ ಉಳಿಯುವ ದಾರಿ ಇತ್ತು. 1950ರ ಮುಂಬಯಿ ಕಾಯ್ದೆ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡಿತು, 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ ಉಳಿದವನ್ನು ತೆಗೆಯಿತು. ಎರಡರಲ್ಲೂ ಗೊತ್ತುಪಡಿಸಿದ ಹಣ ತುಂಬಿದವನಿಗೆ ಅದೇ ಹೊಲ ರೀಗ್ರ್ಯಾಂಟ್, ಅಂದರೆ ಮರುಮಂಜೂರು, ಆಗುತ್ತಿತ್ತು. ಲೀಸಿನ ಕೊನೆಗೆ ಉಳಿಕೆ ಬೆಲೆ ಕೊಟ್ಟು ಕಾರನ್ನು ತನ್ನದಾಗಿಸಿಕೊಳ್ಳುವುದು ನೋಡಲು ಇದೇ ರೀಗ್ರ್ಯಾಂಟ್. ವ್ಯತ್ಯಾಸ ವಸ್ತುವಿನಲ್ಲಿದೆ: ಎರೆ ಹೊಲ ಐವತ್ತು ವರ್ಷಕ್ಕೆ ಬೆಲೆ ಏರಿಸಿಕೊಂಡಿತು, ಕಾರು ನಾಲ್ಕೇ ವರ್ಷಕ್ಕೆ ಬೆಲೆ ಕಳೆದುಕೊಳ್ಳುತ್ತದೆ. ನಡುವೆ ಕೆಲಸ ಬಿಟ್ಟರೆ ಕರಾರು ಮುರಿದ ದಂಡವೂ ನೌಕರನದೇ. ಹಾಗಾಗಿ ಕರಾರಿನಲ್ಲಿ ಮೊದಲು ಓದಬೇಕಾದದ್ದು ತಿಂಗಳ ಉಳಿತಾಯದ ಸಾಲನ್ನಲ್ಲ. ಕೆಲಸ ಬಿಟ್ಟ ದಿನ ಎಷ್ಟು ಕಟ್ಟಬೇಕು, ಅವಧಿ ಮುಗಿದ ದಿನ ಉಳಿಕೆ ಬೆಲೆ ಎಷ್ಟು, ಅದೇ ಕಾರನ್ನು ಬ್ಯಾಂಕಿನ ಸಾಲದಲ್ಲಿ ತಂದಿದ್ದರೆ ಒಟ್ಟು ಎಷ್ಟಾಗುತ್ತಿತ್ತು, ಈ ಮೂರು ಅಂಕಿ. ರೀಗ್ರ್ಯಾಂಟ್ ಆದ ಹೊಲದ ಕಾಗದಗಳಲ್ಲಿ ವತನದ ಷರಾ ಮೂರು ತಲೆಮಾರಿನ ನಂತರವೂ ಇರುತ್ತದೆ, ಮಾರಲು ಹೊರಟವರು ಇಂದಿಗೂ ಅದನ್ನು ಹಿಡಿದು ಕಚೇರಿ ಅಲೆಯುತ್ತಾರೆ. ಲೀಸಿನ ಕಾರಿನ ಆರ್‌ಸಿಯಲ್ಲೂ ಗುತ್ತಿಗೆಯ ಷರಾ ಬೀಳುತ್ತದೆ. ಕೊನೆಯ ಕಂತು, ಉಳಿಕೆ ಬೆಲೆ ಎರಡೂ ತೀರಿ ಆರ್‌ಟಿಒದಲ್ಲಿ ಆ ಷರಾ ಅಳಿಸುವ ತನಕ ಆ ಕಾರು ಚಾಕರಿಯ ಕಾರೇ.